ಧ್ವನಿಯ ನರ ಎದೆಗೇಕೆ ಇಳಿಯಿತು?

ಡಿಸೆಕ್ಷನ್ ಹಾಲ್‌ನ ಬಾಗಿಲು ತೆರೆದದ್ದೇ ಫಾರ್ಮಲಿನ್ ಘಾಟು ಕಣ್ಣಿಗೆ ರಾಚಿತು. ಜಿಲ್ಲಾ ಕೇಂದ್ರವೊಂದರ ನರ್ಸಿಂಗ್ ಕಾಲೇಜಿನ ಮೊದಲ ಸೆಮಿಸ್ಟರ್ ಹುಡುಗಿಯರು ಬಸ್ಸು ಮಾಡಿಕೊಂಡು ಮೆಡಿಕಲ್ ಕಾಲೇಜೊಂದಕ್ಕೆ ಬಂದಿದ್ದರು. ಅನುಮತಿ ಪಡೆದು ನಾನೂ ಅವರ ಹಿಂದೆಯೇ ಒಳಹೊಕ್ಕೆ. ಹೊರಗೆ ಕಲಕಲ ಮಾತಾಡುತ್ತಿದ್ದವರು ಸ್ಟೀಲ್ ಮೇಜುಗಳನ್ನು ಕಂಡೊಡನೆ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡರು.

ಅನಾಟಮಿ ಪ್ರಾಧ್ಯಾಪಕಿ ಮೇಜಿನ ಮೇಲಿದ್ದ ದೇಹಕ್ಕೆ ಎಲ್ಲರಿಂದಲೂ ಕೈಮುಗಿಸಿದರು. "ಇವರು ನಿಮ್ಮ ಮೊದಲ ಗುರು. ಫೋಟೊ ತೆಗೆಯುವ ಹಾಗಿಲ್ಲ, ನಗುವ ಹಾಗಿಲ್ಲ. ಪ್ರಶ್ನೆ ಮಾತ್ರ ಎಷ್ಟು ಬೇಕಾದರೂ ಕೇಳಿ" ಎಂದರು. ಇವತ್ತು ಎಂಬಿಬಿಎಸ್ ಮೊದಲ ವರ್ಷದಲ್ಲಿ ಈ ಮಾತನ್ನು ಪಾಠವಾಗಿಯೇ ಕಲಿಸುತ್ತಾರೆ. ನರ್ಸಿಂಗ್ ಮಕ್ಕಳಿಗೂ ಅದನ್ನು ಅಷ್ಟೇ ಗಂಭೀರವಾಗಿ ಹೇಳಿದ್ದು ನನಗೆ ಬಹಳ ಹಿಡಿಸಿತು.

ಆಮೇಲೆ ಅವರು ಕುತ್ತಿಗೆಯೊಳಗಿಂದ ಫೋರ್ಸೆಪ್ಸ್ ತುದಿಯಲ್ಲಿ ಬಿಳಿ ನೂಲಿನಂಥದ್ದೊಂದನ್ನು ಮೆಲ್ಲಗೆ ಎತ್ತಿ ಹಿಡಿದರು. "ಇದು ಹೋಗುವುದೆಲ್ಲಿಗೆ, ಹೇಳಿ ನೋಡೋಣ."

ಹುಡುಗಿಯೊಬ್ಬಳು ಬಗ್ಗಿ ನೋಡಿ, "ಗಂಟಲಿಗೆ, ಮೇಡಂ" ಎಂದಳು.

"ಸರಿ. ಬಂದದ್ದೆಲ್ಲಿಂದ?"

"ಮೇಲಿಂದ, ಮಿದುಳಿಂದ."

"ಅಲ್ಲ ನೋಡು, ಕೆಳಗಿಂದ ಬರುತ್ತಿದೆ. ಎದೆಯಿಂದ."

ಆ ನರದ ಹೆಸರು ರಿಕರೆಂಟ್ ಲಾರಿಂಜಿಯಲ್. ನಾವು ಮಾತಾಡುವುದು ಅದರ ದಯೆಯಿಂದ. ಮಿದುಳಿನ ಬುಡದಿಂದ ಹೊರಡುವ ವೇಗಸ್ ನರ ಕುತ್ತಿಗೆಯುದ್ದಕ್ಕೂ ಇಳಿಯುತ್ತದೆ. ಧ್ವನಿಪೆಟ್ಟಿಗೆ ದಾರಿಯಲ್ಲೇ ಇದೆ, ಕವಲು ಅಲ್ಲೇ ಒಡೆದಿದ್ದರೆ ಕೆಲಸ ಮುಗಿಯುತ್ತಿತ್ತು. ಎಡಗಡೆಯ ಕವಲು ಹಾಗೆ ಮಾಡುವುದಿಲ್ಲ. ಎದೆಗೂಡಿನೊಳಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನಿನ ಕೆಳಗೆ ನುಸುಳಿ, ಶ್ವಾಸನಾಳ ಅನ್ನನಾಳಗಳ ನಡುವಿನ ಸಂದಿಯಲ್ಲಿ ಮತ್ತೆ ಮೇಲೇರುತ್ತದೆ. ಬಲಗಡೆಯದು ಅಷ್ಟು ದೂರ ಹೋಗದೆ ಕುತ್ತಿಗೆಯ ಬುಡದ ರಕ್ತನಾಳವೊಂದನ್ನು ಬಳಸಿಕೊಂಡು ಹಿಂತಿರುಗುತ್ತದೆ.

ಪ್ರಾಧ್ಯಾಪಕಿ ಕಮಾನನ್ನು ಬೆರಳಿಂದ ಮೇಲೆತ್ತಿ, ನರ ತಿರುಗುವ ಜಾಗವನ್ನು ಒಬ್ಬೊಬ್ಬರಿಗೂ ತೋರಿಸಿದರು. ಹಿಂದೆ ಗೋಡೆಗೆ ಒರಗಿ ನಿಂತಿದ್ದವರೂ ಆಗ ಮುಂದೆ ಬಂದರು. ಚಿತ್ರಪಟದಲ್ಲಿ ಈ ತಿರುವನ್ನು ನಾನು ನೋಡಿದ್ದೆ. ಆದರೆ ಒಬ್ಬ ಮನುಷ್ಯ ಬದುಕಿನುದ್ದಕ್ಕೂ ಆಡಿದ ಮಾತೆಲ್ಲ ಇಷ್ಟು ಸಣ್ಣ ಎಳೆಯನ್ನು ನಂಬಿಕೊಂಡಿತ್ತು ಎಂಬುದು ಮೈಗೆ ತಟ್ಟಿದ್ದು ಅಲ್ಲಿ.

ಈ ಸುತ್ತುದಾರಿಯ ಕಾರಣ ಇನ್ನೂ ಸ್ವಾರಸ್ಯದ್ದು. ಮೀನಿನಂಥ ನಮ್ಮ ಪೂರ್ವಜರಿಗೆ ಕುತ್ತಿಗೆಯೇ ಇರಲಿಲ್ಲ. ಹೃದಯ ಕಿವಿರುಗಳ ಪಕ್ಕದಲ್ಲಿತ್ತು, ಅಲ್ಲಿ ಆ ನರದ ದಾರಿ ನೇರವಾಗಿಯೇ ಇತ್ತು. ಕುತ್ತಿಗೆ ಉದ್ದವಾಗಿ ಹೃದಯ ಎದೆಗೆ ಇಳಿದಾಗ, ರಕ್ತನಾಳದ ಕೆಳಗೆ ಸಿಕ್ಕಿಕೊಂಡಿದ್ದ ನರವೂ ಅದರ ಜೊತೆಗೇ ಜಗ್ಗಿತು. ಗರ್ಭದಲ್ಲಿ ಪ್ರತಿಯೊಂದು ಶಿಶುವೂ ಈ ಇಳಿತವನ್ನು ಇವತ್ತಿಗೂ ಹಾದು ಬರುತ್ತದೆ. ಜಿರಾಫೆಯಲ್ಲಂತೂ ಮಿದುಳಿಗೆ ಧ್ವನಿಪೆಟ್ಟಿಗೆ ತೀರ ಹತ್ತಿರವಿದ್ದರೂ, ನರ ಇಡೀ ಕುತ್ತಿಗೆ ಇಳಿದು ಮತ್ತೆ ಇಡೀ ಕುತ್ತಿಗೆ ಏರುತ್ತದೆ, ಹಲವು ಮೀಟರ್ ಸುತ್ತು. ಎರಡನೆಯ ಶತಮಾನದಲ್ಲೇ ರೋಮ್‌ನ ವೈದ್ಯ ಗೇಲನ್ ಹಂದಿಯಲ್ಲಿ ಈ ನರವನ್ನು ಕತ್ತರಿಸಿ ತೋರಿಸಿದ್ದ. ಹಂದಿ ಒದ್ದಾಡುತ್ತಲೇ ಇತ್ತು, ಅದರ ಕಿರುಚಾಟ ಮಾತ್ರ ನಿಂತಿತು.

ನರ್ಸ್ ಆಗುವವಳಿಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಥೈರಾಯ್ಡ್ ಆಪರೇಷನ್ ಆದ ರೋಗಿಗೆ ಎಚ್ಚರವಾದಾಗ ಹಾಸಿಗೆಯ ಬಳಿ ಇರುವವಳು ನರ್ಸ್. ರೋಗಿಯನ್ನು ಮಾತಾಡಿಸಿ, ದನಿ ಒಡೆದಿದೆಯೇ ಎಂದು ಗಮನಿಸುವವಳೂ ಅವಳೇ. ಈ ನರ ಥೈರಾಯ್ಡ್ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ, ಚಾಕು ತಾಗಿದರೆ ದನಿ ಕೂರುತ್ತದೆ. ವಾರಗಟ್ಟಲೆ ಗೊಗ್ಗರು ದನಿ ಇರುವವರಿಗೆ ವೈದ್ಯರು ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಅದರ ಹಿಂದೆಯೂ ಇದೇ ನರವಿರಬಹುದು. ಶ್ವಾಸಕೋಶದ ಗಡ್ಡೆಯೋ ಊದಿದ ಮಹಾಧಮನಿಯೋ ಅದನ್ನು ಅದುಮಿರಬಹುದು. ಪೃಷ್ಠಕ್ಕೆ ಕೊಡುವ ಇಂಜೆಕ್ಷನ್ನಿನ ಮಾತೂ ಹಾಗೆಯೇ. ಜಾಗ ತಪ್ಪಿ ಸೂಜಿ ಸಯಾಟಿಕ್ ನರಕ್ಕೆ ತಗುಲಿದರೆ ಪಾದ ಎತ್ತಲಾಗದೆ ನೆಲಕ್ಕೆ ಎಳೆಯುವಂತಾಗುತ್ತದೆ. ಮೇಲಿನ ಹೊರ ಕಾಲುಭಾಗಕ್ಕೇ ಚುಚ್ಚಬೇಕೆಂದು ಬಾಯಿಪಾಠ ಮಾಡಿದವಳು ಒಂದು ದಿನ ಮರೆತಾಳು. ಹೆಬ್ಬೆರಳಿನಷ್ಟು ದಪ್ಪದ ಆ ನರವನ್ನು ಒಮ್ಮೆ ಮುಟ್ಟಿ ನೋಡಿದವಳು ಮರೆಯುವುದಿಲ್ಲ.

ಈ ಮಕ್ಕಳಿಗೆ ಸಿಗುವ ಸಮಯವೋ ತೀರ ಕಡಿಮೆ. 2021ರ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಅನಾಟಮಿಗೆ 60 ಗಂಟೆ, ಫಿಸಿಯಾಲಜಿಗೆ 60 ಗಂಟೆ, ಎರಡೂ ಮೊದಲ ಸೆಮಿಸ್ಟರ್‌ನಲ್ಲೇ ಮುಗಿಯಬೇಕು. 2019ರ ಎಂಬಿಬಿಎಸ್ ಪಠ್ಯಕ್ರಮ ಅನಾಟಮಿಯೊಂದಕ್ಕೇ 675 ಗಂಟೆ ಇಟ್ಟಿತ್ತು. ವೈದ್ಯರಷ್ಟು ಆಳ ಇವರಿಗೆ ಬೇಡ, ಒಪ್ಪುತ್ತೇನೆ. ಆದರೆ ರೋಗಿಯ ಮೈಯನ್ನು ದಿನಕ್ಕೆ ಹೆಚ್ಚು ಸಲ ಮುಟ್ಟುವವರು ಯಾರು? ಫಿಸಿಯಾಲಜಿಯನ್ನಾದರೂ ಒಬ್ಬರ ಮೇಲೊಬ್ಬರು ಕಲಿಯಬಹುದು. ಗೆಳತಿಯ ತೋಳಿಗೆ ಪಟ್ಟಿ ಸುತ್ತಿ, 1905ರಲ್ಲಿ ರಷ್ಯಾದ ಕೊರೊಟ್ಕಾಫ್ ವಿವರಿಸಿದ ಸದ್ದನ್ನು ಸ್ಟೆತಾಸ್ಕೋಪಿನಲ್ಲಿ ಕೇಳಿದರೆ ಬಿ.ಪಿ. ಪಾಠ ಆಯಿತು. ಅನಾಟಮಿಗೆ ದೇಹವೇ ಬೇಕು. ಪ್ಲಾಸ್ಟಿಕ್ ಮಾದರಿ, ಬೆರಳಾಡಿಸಿದರೆ ಪದರ ಬಿಚ್ಚುವ ದೊಡ್ಡ ಪರದೆ ಇವೆಲ್ಲ ನೆರವಾಗುತ್ತವೆ ನಿಜ, ಆದರೂ ನನಗೆ ಅವುಗಳ ಮೇಲೆ ಪೂರ್ತಿ ನಂಬಿಕೆ ಇಲ್ಲ. ಪರದೆಯಲ್ಲಿ ನರ ಹಳದಿ, ಅಪಧಮನಿ ಕೆಂಪು, ಅಭಿಧಮನಿ ನೀಲಿ. ಮೇಜಿನ ಮೇಲೆ ಎಲ್ಲವೂ ಒಂದೇ ಬಣ್ಣ, ಬೇರೆ ಮಾಡಿ ಗುರುತಿಸುವುದೇ ಅಲ್ಲಿ ವಿದ್ಯೆ.

ಶವವನ್ನು ನೋಡಿ ಕಲಿಯುವುದು ನಮ್ಮ ನಾಡಿಗೆ ಹೊಸದೇನಲ್ಲ. ಶವವನ್ನು ಹುಲ್ಲಿನಲ್ಲಿ ಸುತ್ತಿ, ಹರಿವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಆಮೇಲೆ ಲಾವಂಚದ ಕುಂಚದಿಂದ ಪದರ ಪದರವಾಗಿ ಉಜ್ಜಿ ನೋಡಬೇಕೆಂದು ಸುಶ್ರುತ ಸಂಹಿತೆ ಹೇಳುತ್ತದೆ. ನಡುವೆ ಮೈಲಿಗೆಯ ಭಯ ಬಂತು. 1836ರಲ್ಲಿ ಕಲ್ಕತ್ತಾದಲ್ಲಿ ಪಂಡಿತ ಮಧುಸೂದನ ಗುಪ್ತ ಶವಕ್ಕೆ ಚಾಕು ಇಟ್ಟದ್ದು ದೊಡ್ಡ ಸುದ್ದಿಯಾಯಿತು. ನಮ್ಮ ರಾಜ್ಯದಲ್ಲಿ 1957ರ ಅನಾಟಮಿ ಕಾಯ್ದೆ ವಾರಸುದಾರರಿಲ್ಲದ ಶವಗಳನ್ನು ಕಾಲೇಜುಗಳಿಗೆ ಕೊಡಲು ದಾರಿ ಮಾಡಿತು. ದಾನದ ಮಾತಿಗೆ ಬಂದರೆ ಬೆಳಗಾವಿಯನ್ನು ನೆನೆಯಲೇಬೇಕು. ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಿ.ಎಸ್. ರಾಮಣ್ಣವರ ತಮ್ಮ ದೇಹವನ್ನು ದಾನ ಮಾಡಿದ್ದರು. 2010ರ ನವೆಂಬರ್‌ನಲ್ಲಿ ಅವರ ಮಗ, ಅನಾಟಮಿ ಶಿಕ್ಷಕ ಡಾ. ಮಹಾಂತೇಶ ರಾಮಣ್ಣವರ, ಅದೇ ದೇಹವನ್ನು ಎಲ್ಲರೆದುರು ಛೇದಿಸಿ ಪಾಠ ಮಾಡಿದರು. ಪಿತೃಋಣ ತೀರಿಸುವುದಕ್ಕೆ ಇದಕ್ಕಿಂತ ದೊಡ್ಡ ರೀತಿ ನನಗೆ ತಿಳಿದಿಲ್ಲ.

ದೇಹದಾನಕ್ಕೆ ಮನಸ್ಸು ಮಾಡಿದವರು ಹತ್ತಿರದ ಮೆಡಿಕಲ್ ಅಥವಾ ಆಯುರ್ವೇದ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಫಾರ್ಮ್ ತುಂಬಿ ಕೊಡಿ. ಮನೆಯವರಿಗೆ ತಪ್ಪದೆ ಹೇಳಿಡಿ, ಕಾಲೇಜಿಗೆ ಫೋನ್ ಮಾಡಬೇಕಾದವರು ಅವರೇ. ಮರಣೋತ್ತರ ಪರೀಕ್ಷೆಯಾದ ದೇಹವನ್ನು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ದೇಹದ ಜೊತೆಗೆ ಕಣ್ಣನ್ನೂ ಕೊಡಬಹುದು, ಅದು ಮರಣದ ನಂತರ 6 ಗಂಟೆಯೊಳಗೆ ಆಗಬೇಕು. ಮೆಡಿಕಲ್ ಕಾಲೇಜುಗಳವರಲ್ಲೂ ಒಂದು ವಿನಂತಿ: ನಿಮ್ಮ ಡಿಸೆಕ್ಷನ್ ಹಾಲ್ ಖಾಲಿ ಇರುವ ಹೊತ್ತು ನೋಡಿ, ಸುತ್ತಲಿನ ನರ್ಸಿಂಗ್, ಫಿಸಿಯೊಥೆರಪಿ, ಪ್ಯಾರಾಮೆಡಿಕಲ್ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಅದನ್ನು ತೆರೆದುಕೊಡಿ.