ಜಿರಳೆ ಜೆಲ್ ಮುಟ್ಟುತ್ತಿಲ್ಲವೇ?

ಜಿರಳೆಗೆಂದು ಜೆಲ್ ಹಚ್ಚಿದ್ದೀರಿ. ರಾತ್ರಿ ಲೈಟ್ ಹಾಕಿದರೆ ಅವು ಅದನ್ನು ಮುಟ್ಟದೆ ಪಕ್ಕದಿಂದಲೇ ಓಡುತ್ತಿವೆ. ಔಷಧಿ ನಕಲಿ ಎಂದು ಬಿಸಾಡಬೇಡಿ, ಕಾರಣ ಬೇರೆ ಇರಬಹುದು.

ಜೆಲ್ ಎಂದರೆ ವಿಷ ಬೆರೆಸಿದ ತಿನಿಸು. ಸಿಹಿಯ ಆಸೆಗೆ ಬಂದ ಜಿರಳೆಗೆ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ತಿನ್ನಿಸುವ ಉಪಾಯ. ತಿಂದ ಜಿರಳೆ ಸಂದಿಗೆ ಮರಳಿ ಅಲ್ಲಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಆದರೆ ಮೊದಲು ಅದು ಬಾಯಿ ಹಾಕಬೇಕಲ್ಲ?

ಅಮೆರಿಕದ ಕ್ಲೋರಾಕ್ಸ್ ಕಂಪನಿ ಕಾಂಬ್ಯಾಟ್ ಎಂಬ ಇಂಥದೇ ವಿಷದ ತಿನಿಸು ಮಾರುತ್ತಿತ್ತು. ಫ್ಲಾರಿಡಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಅದು ನಾಟಲಿಲ್ಲ. ಕಂಪನಿಯ ಕೀಟತಜ್ಞ ಜೂಲ್ಸ್ ಸಿಲ್ವರ್‌ಮನ್ ಅಲ್ಲಿನ ಜಿರಳೆಗಳನ್ನು ಪರೀಕ್ಷಿಸಿದರು. ಅವು ದೂರವಿಟ್ಟದ್ದು ವಿಷವನ್ನಲ್ಲ, ತಿನಿಸಿನಲ್ಲಿದ್ದ ಗ್ಲೂಕೋಸನ್ನು! ಈ ಗುಣ ಮರಿಗಳಿಗೂ ಬರುತ್ತಿತ್ತು. 1993ರಲ್ಲಿ ಇದು ಪ್ರಕಟವಾಯಿತು. ಮುಂದೆ ಸಿಲ್ವರ್‌ಮನ್ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ಅಯಾಕೊ ವಾಡಾ-ಕತ್ಸುಮಾತಾ, ಕೋಬಿ ಶಾಲ್ ಜೊತೆ 2013ರಲ್ಲಿ ಕಾರಣವನ್ನೂ ತೋರಿಸಿದರು. ಈ ಜಿರಳೆಗಳ ಬಾಯಿಯ ಸುತ್ತಲಿನ ಸೂಕ್ಷ್ಮ ಕೂದಲಲ್ಲಿ ಕಹಿ ಗುರುತಿಸುವ ನರಗಳಿವೆ. ಗ್ಲೂಕೋಸ್ ತಗುಲಿದರೆ ಆ ನರಗಳೇ ಮಿಡಿಯುತ್ತವೆ. ಅವಕ್ಕೆ ಗ್ಲೂಕೋಸಿನ ಸಿಹಿಯೇ ಕಹಿ. ಆ ಅಪಾರ್ಟ್‌ಮೆಂಟಿನ ಸಮಸ್ಯೆ ಪ್ರಯೋಗಾಲಯಕ್ಕೆ ಹೋಗದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ ಎನ್ನುವುದು ನನ್ನ ನಂಬಿಕೆ. ಗ್ಲೂಕೋಸ್ ಬದಲು ಬೇರೆ ಸಕ್ಕರೆ ಬಳಸುವ ದಾರಿ ತೆರೆದದ್ದೂ ಈ ಕೆಲಸವೇ.

ಇದು ನಮ್ಮ ಅಡುಗೆಮನೆಗಳಲ್ಲೂ ಕಾಣುವ, ತಿಳಿಕಂದು ಬಣ್ಣದ ಸಣ್ಣ ಜರ್ಮನ್ ಜಿರಳೆಯ ಕತೆ. ಯಾವ ಸಕ್ಕರೆ ಹಾಕಿದ್ದಾರೆಂದು ಟ್ಯೂಬಿನ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಹಾಗಾಗಿ ಒಂದು ಜೆಲ್ ನಾಟದಿದ್ದರೆ ಬೇರೆ ಕಂಪನಿಯದನ್ನು ತನ್ನಿ. ದಿನಸಿ ಅಂಗಡಿ, ಸೂಪರ್ ಮಾರ್ಕೆಟ್, ಆನ್‌ಲೈನ್ ಎಲ್ಲೆಡೆ ಸಿಗುತ್ತದೆ. ಸಣ್ಣ ಟ್ಯೂಬಿಗೆ ಹೆಚ್ಚುಕಡಿಮೆ 200 ರೂಪಾಯಿ. ಲೇಬಲ್ ಮೇಲೆ ನೋಂದಣಿ ಸಂಖ್ಯೆ ಇದೆಯೇ ನೋಡಿ.

ಬಾಗಿಲ ಹಿಂಜಿನ ಸಂದಿ, ಸಿಂಕಿನ ಕೆಳಗೆ, ಫ್ರಿಜ್ ಹಿಂಭಾಗ, ಹೀಗೆ ಹಲವೆಡೆ ಸಾಸಿವೆ ಕಾಳಿನಷ್ಟು ಚುಕ್ಕೆ ಇಡಿ. ಒಂದೇ ಕಡೆ ದಪ್ಪಗೆ ಬಳಿಯಬೇಡಿ. ಅದರ ಮೇಲೆ ಸ್ಪ್ರೇ ಹೊಡೆಯಲೇಬೇಡಿ, ಆ ವಾಸನೆಗೆ ಜಿರಳೆ ಹತ್ತಿರ ಸುಳಿಯುವುದಿಲ್ಲ. ಮಕ್ಕಳು, ನಾಯಿ, ಬೆಕ್ಕಿಗೆ ಎಟುಕದಿರಲಿ. ಮೊಟ್ಟೆಯ ಚೀಲಕ್ಕೆ ಜೆಲ್ ತಾಗುವುದಿಲ್ಲ. ಒಂದು ಚೀಲದಲ್ಲಿ 30–40 ಮೊಟ್ಟೆ ಇರುತ್ತವೆ. ಅದಕ್ಕೇ ಕೆಲವು ವಾರ ಬಿಟ್ಟು ಹೊಸ ಚುಕ್ಕೆ ಇಡಬೇಕು.