ಏಳನೇ ನಂಬರ್ ಹುಡುಗ ಯಾರ ಮಗ?

ಮಧ್ಯರಾತ್ರಿಗೆ ಅಲಾರಂ ಇಟ್ಟು ಎದ್ದು ಯುರೋಪಿನ ಫುಟ್‌ಬಾಲ್ ನೋಡುವ ಗಿರಾಕಿ ನಾನು. ಇಂಗ್ಲೆಂಡಿನ ಒಂದು ಕ್ಲಬ್ಬಿನ ಹನ್ನೊಂದೂ ಆಟಗಾರರ ಊರು, ವಯಸ್ಸು, ಯಾರಿಗೆ ಯಾವಾಗ ಮಂಡಿ ಆಪರೇಷನ್ ಆಯ್ತು, ಎಲ್ಲ ಬಾಯಿಪಾಠ. ಆದ್ರೆ ಬೆಂಗಳೂರಿಗೆ ಬಂದು ಎಂಟು ವರ್ಷವಾದರೂ ಇಲ್ಲಿನ ಲೀಗ್ ಪಂದ್ಯ ಒಂದನ್ನೂ ಮೈದಾನಕ್ಕೆ ಹೋಗಿ ನೋಡಿರಲಿಲ್ಲ. ಕೊನೆಗೂ ಹೋಗುವ ಹಾಗೆ ಮಾಡಿದ್ದು ಮಧುಗಿರಿಯಿಂದ ಬಂದ ಅಪ್ಪ.

ಅಪ್ಪ ಕಣ್ಣು ತೋರಿಸೋಕೆ ಬಂದಿದ್ರು. ಶನಿವಾರ ಆಸ್ಪತ್ರೆ ಕೆಲಸ ಮುಗೀತು. ಭಾನುವಾರ ಮಾಲ್‌ಗೆ ಹೋಗೋಣ ಅಂದ್ರೆ ಬೇಡ ಅಂದ್ರು. "ಎಲ್ಲಾದ್ರೂ ಮ್ಯಾಚ್ ಐತೇನೋ ನೋಡು" ಅಂದ್ರು. ಅವರು ವಯಸ್ಸಲ್ಲಿ ಕಬಡ್ಡಿ ರೈಡರ್. ಶಿರಾ, ಕೊರಟಗೆರೆ, ಪಾವಗಡ ಕಡೆ ಜಾತ್ರೆಯಲ್ಲಿ ಹೊನಲು ಬೆಳಕಿನ ಪಂದ್ಯ ಇದೆ ಅಂದ್ರೆ ಸಾಕು, ಸಿಕ್ಕ ಲಾರಿ ಹತ್ತಿ ಹೋಗ್ತಿದ್ರಂತೆ. ಆ ಭಾನುವಾರ ಕಬಡ್ಡಿ ಸಿಗಲಿಲ್ಲ. ನಗರದ ಒಂದು ಮೈದಾನದಲ್ಲಿ ಡಿವಿಷನ್ ಲೀಗ್ ಫುಟ್‌ಬಾಲ್ ಇತ್ತು.

ಮೊದಲು ಕಿರಿಕಿರಿಗಳ ಪಟ್ಟಿ ಹೇಳಿಬಿಡ್ತೀನಿ. ಒಂದು ಕಡೆ ಪಂದ್ಯ ಮೂರೂವರೆಗೆ ಅಂತಿತ್ತು, ಇನ್ನೊಂದು ಕಡೆ ನಾಲ್ಕು. ನಾಲ್ಕನ್ನು ನಂಬಿದೆ. ಹೋಗೋ ಹೊತ್ತಿಗೆ ಅರ್ಧ ಆಟ ಮುಗಿಯೋಕೆ ಬಂದಿತ್ತು. ಸ್ಕೋರ್ ಬೋರ್ಡ್ ಆಫ್. ನೀಲಿ ಯಾರು, ಹಳದಿ ಯಾರು ಗೊತ್ತಿಲ್ಲ. ಕಾಂಕ್ರೀಟ್ ಮೆಟ್ಟಿಲು ಕಾದ ತವೆಯ ಹಾಗಿತ್ತು. ಕುಡಿಯುವ ನೀರು ಬೇಕಂದ್ರೆ ಹೊರಗೆ ಹೋಗಿ ರಸ್ತೆ ದಾಟಬೇಕು. ನೋಡೋಕೆ ಬಂದವರು ಎಣಿಸಿದರೆ ನಲವತ್ತು ಜನ. "ನಮ್ ಕಡೆ ಕೋಳಿ ಕಳೆದ್ರೂ ಇದಕ್ಕಿಂತ ಜಾಸ್ತಿ ಜನ ಸೇರ್ತಾರೆ" ಅಂತ ಅಪ್ಪ ಪೇಪರ್ ಹಾಸಿ ಕೂತ್ರು. ಬ್ಯಾಗಿನಿಂದ ಊರಿನ ಬೇಯಿಸಿದ ಕಡಲೇಕಾಯಿ ಹೊರಗೆ ಬಂತು.

ಎರಡನೇ ಅರ್ಧದಲ್ಲಿ ಆಫೀಸ್ ಗ್ರೂಪಿನಲ್ಲಿ ಮೆಸೇಜ್ ಬಂತು. ಸರ್ವರ್ ಏನೋ ತೊಂದರೆ, ನಾನು ಆನ್-ಕಾಲ್. ಉತ್ತರ ಟೈಪ್ ಮಾಡ್ತಿದ್ದಾಗ ಸುತ್ತಲೂ ಕೂಗು. ತಲೆ ಎತ್ತಿದರೆ ನೀಲಿಯವರು ಒಬ್ಬರ ಮೇಲೊಬ್ಬರು ಬಿದ್ದು ಕುಣೀತಿದ್ದಾರೆ. ಪಂದ್ಯದ ಒಂದೇ ಒಂದು ಗೋಲು! ಕಣ್ಣು ಅಭ್ಯಾಸದಂತೆ ರೀಪ್ಲೇ ಹುಡುಕಿತು. ಇಲ್ಲೆಲ್ಲಿ ರೀಪ್ಲೇ?

ರೀಪ್ಲೇ ಅಪ್ಪನೇ ಕೊಟ್ರು. "ಆ ಏಳನೇ ನಂಬರ್ ಹುಡುಗ ರೈಡಿಗೆ ಹೋದಂಗೆ ಹೋದ ಕಣೋ. ಎಡಕ್ಕೆ ತೋರ್ಸಿದ, ಅವ್ನು ಅತ್ಲಾಗ್ ವಾಲ್ದ, ಇವ್ನು ಬಲಕ್ಕೆ ನುಗ್ದ. ಗೋಲಿ ಕೂತ್ಬಿಟ್ಟ." ಫುಟ್‌ಬಾಲ್ ನಿಯಮ ಒಂದೂ ಗೊತ್ತಿಲ್ಲದ ಅಪ್ಪ ಆಟವನ್ನು ನನಗಿಂತ ಚೆನ್ನಾಗಿ ನೋಡಿದ್ರು.

ಆಮೇಲೆ ಕೇಳಿದ್ರು: "ಯಾರ್ ಮಗ ಅವ್ನು? ಯಾವೂರು?"

ನಮ್ಮ ಕಡೆ ಕಬಡ್ಡಿಯಲ್ಲಿ ಮೊದಲು ಕೇಳೋದೇ ಇದು. ಊರು, ಮನೆ ಗೊತ್ತಾದ ಮೇಲೆ ಅವನ ಪಾಯಿಂಟು ನಮ್ಮ ಪಾಯಿಂಟು. ಅಪ್ಪನ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಅಪ್ಪ ಸುಮ್ಮನಿರಲಿಲ್ಲ. ಎರಡು ಮೆಟ್ಟಿಲು ಕೆಳಗೆ ಕೂತಿದ್ದ ಹಿರಿಯರೊಬ್ಬರಿಗೆ ಕಡಲೇಕಾಯಿ ಕೊಟ್ಟು ವಿಚಾರಿಸಿದ್ರು. ಅವರು ಹುಡುಗನ ಸೋದರಮಾವ! ಗೌತಮಪುರದವರು. ಹಲಸೂರು ಪಕ್ಕದ, ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರುವ ಫುಟ್‌ಬಾಲ್ ಹುಚ್ಚಿನ ಬಡಾವಣೆ ಅದು. ಹುಡುಗ ಬೆಳಗಿನ ಜಾವ ಪ್ರಾಕ್ಟೀಸ್ ಮಾಡಿ, ಹಗಲೆಲ್ಲ ಬೈಕಿನಲ್ಲಿ ಪಾರ್ಸೆಲ್ ಹಂಚ್ತಾನಂತೆ.

ಮಾತಿನ ಮಧ್ಯೆ ಅವರು ಸಂತೋಷ್ ಟ್ರೋಫಿ ವಿಷಯ ತೆಗೆದ್ರು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಅದಕ್ಕೆ ಮೊದಲು ನಾವು ಕಪ್ ಗೆದ್ದಿದ್ದು 1968–69ರಲ್ಲಿ. ಆಗ ರಾಜ್ಯದ ಹೆಸರು ಇನ್ನೂ ಮೈಸೂರು. 54 ವರ್ಷ ಕಾದ ಕಪ್ಪು! ಆ ದಿನ ಶನಿವಾರ, ನಾನು ಇಂಗ್ಲೆಂಡಿನ ಲೀಗ್ ನೋಡ್ತಾ ಕೂತಿದ್ದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು ಅನ್ನೋದೂ ನನಗೆ ಗೊತ್ತಾಗಿದ್ದು ಆ ಮೆಟ್ಟಿಲ ಮೇಲೆ.

ಜನ ಬಂದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ಅದರ ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಹಾಡ್ತಾರೆ. 2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತದ ಪಂದ್ಯಕ್ಕೆ ಎರಡೂವರೆ ಸಾವಿರದಷ್ಟೇ ಜನ ಬಂದಾಗ, ಬೈಯೋದಾದ್ರೂ ಮೈದಾನಕ್ಕೆ ಬಂದು ಬೈಯಿರಿ ಅಂತ ಸುನಿಲ್ ಛೆಟ್ರಿ ವಿಡಿಯೊದಲ್ಲಿ ಬೇಡಿಕೊಂಡಿದ್ರು. ಕೀನ್ಯಾ ವಿರುದ್ಧದ ಮುಂದಿನ ಪಂದ್ಯಕ್ಕೆ ಮೈದಾನ ತುಂಬಿತು. ಅದು ಛೆಟ್ರಿಗೆ ನೂರನೇ ಪಂದ್ಯ. ಎರಡು ಗೋಲು ಹೊಡೆದರು, ಭಾರತ 3–0ರಿಂದ ಗೆದ್ದಿತು. ಆದ್ರೆ ಡಿವಿಷನ್ ಲೀಗ್ ಹುಡುಗರಿಗೆ ವಿಡಿಯೊ ಮಾಡಿ ಕರೆಯೋಕೆ ಯಾರಿದ್ದಾರೆ?

ಟಿವಿಯಲ್ಲಿ ಸಿಗದೇ ಇರೋದೂ ಅವತ್ತು ಸಿಕ್ತು. ಚೆಂಡಿಗೆ ಬೂಟು ತಾಗುವ ಸದ್ದು. ಕನ್ನಡ, ತಮಿಳು, ಉರ್ದು ಮೂರನ್ನೂ ಕಲಸಿ ಕೋಚ್ ಬೈಯೋದು. ಹುಡುಗರು ಉಸಿರುಗಟ್ಟಿ "ಬಿಡು, ಬಿಡು, ಹಿಂದೆ ಬಂದ!" ಅಂತ ಕೂಗೋದು. ಇಷ್ಟು ಹತ್ತಿರದಿಂದ ನಾನು ಆಟವನ್ನು ಕೇಳಿಸಿಕೊಂಡೇ ಇರಲಿಲ್ಲ.

ಪಂದ್ಯ ಮುಗಿಯೋಕೆ ಹತ್ತು ನಿಮಿಷ ಇರುವಾಗ ಏಳನೇ ನಂಬರ್ ಹುಡುಗ ಕಾಲು ಹಿಡಿದು ಬಿದ್ದ. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತಾ ಹೊರಗೆ ಬಂದ. ಸೋದರಮಾವ ಎದ್ದು ನಿಂತವರು, "ನಾಳೆ ಡ್ಯೂಟಿ ಇದೆ ಇವನಿಗೆ" ಅಂತ ತಮ್ಮಷ್ಟಕ್ಕೇ ಅಂದುಕೊಂಡ್ರು. ಗೆದ್ದಿದ್ದು ನೀಲಿಯವರೇ. ಆದ್ರೆ ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. ಅವರು ಕಬಡ್ಡಿ ಬಿಟ್ಟಿದ್ದೂ ಮಂಡಿ ಪೆಟ್ಟಿನಿಂದಲೇ.

ಮರುದಿನ ಮಧುಗಿರಿ ಬಸ್ ಹತ್ತಿಸಿ ಬಂದೆ. ಅದರ ಮುಂದಿನ ಭಾನುವಾರ ಬೆಳಿಗ್ಗೆ ಅಪ್ಪನ ಫೋನ್. ಕಣ್ಣಿನ ಡ್ರಾಪ್ಸ್ ವಿಷಯ ಇರಬೇಕು ಅಂದುಕೊಂಡೆ. "ಆ ಹುಡುಗನ್ ಕಾಲು ಹೆಂಗೈತಂತೆ?" ಅಂದ್ರು.

ಗೊತ್ತಿರಲಿಲ್ಲ. ಯಾವ ಆ್ಯಪ್‌ನಲ್ಲೂ ಅದು ಸಿಗಲ್ಲ. ನೀರಿನ ಬಾಟಲಿ, ಹಳೇ ಪೇಪರ್ ತಗೊಂಡು ಮೂರೂವರೆಗೇ ಹೋಗಿ ಕೂತೆ. ಹುಡುಗ ಕಾಲಿಗೆ ಪಟ್ಟಿ ಸುತ್ತಿಕೊಂಡು ಬೆಂಚಿನ ಮೇಲಿದ್ದ, ಆಡಲಿಲ್ಲ. ಸೋದರಮಾವ ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಎರಡು ವಾರ ರೆಸ್ಟ್ ಅಂದಿದ್ದಾರೆ ಡಾಕ್ಟ್ರು. ಅಪ್ಪ ಬರ್ಲಿಲ್ವಾ?" ಅಂದ್ರು.

ಅಲ್ಲಿಂದಲೇ ಮಧುಗಿರಿಗೆ ಫೋನ್ ಹಚ್ಚಿದೆ.