ನಿಮಗಿದು ಗೊತ್ತೇ? ಮೂರು ಮೈಲಿಗೆ ನಾನೂರು ಅಡಿ ಇಳಿಯುವ ಕೃಷ್ಣೆ

● ನೊರೆಯುಕ್ಕುವ ಹೊಳೆಯಲ್ಲಿ ರಾಫ್ಟಿಂಗ್ ಎಂದರೆ ಗೆಳೆಯರ ಗುಂಪು ದಾಂಡೇಲಿಗೋ ಕೊಡಗಿಗೋ ಹೊರಡುತ್ತದೆ. ಆದರೆ ನಾಡಿನ ಅತಿ ರಭಸದ ಇಳಿಜಾರುಗಳಲ್ಲೊಂದು ಬಿಸಿಲುನಾಡಿನಲ್ಲಿದೆ! ನಾರಾಯಣಪುರದ ಕೆಳಗೆ, ಛಾಯಾ ಭಗವತಿ ಮತ್ತು ಜಲದುರ್ಗದ ಆಸುಪಾಸಿನಲ್ಲಿ, ಕೃಷ್ಣೆ ಸುಮಾರು ಮೂರು ಮೈಲಿ ದೂರದಲ್ಲಿ 400 ಅಡಿಯಷ್ಟು ಕೆಳಗಿಳಿಯುತ್ತಾಳೆ ಎಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಜೋಗದಂತೆ ಒಂದೇ ಧುಮುಕಲ್ಲ. ಬಂಡೆಯಿಂದ ಬಂಡೆಗೆ ಅಪ್ಪಳಿಸುತ್ತ, ಸೀಳಿ, ಮತ್ತೆ ಕೂಡಿ ಇಳಿಯುವ ನೀರು ಅದು.

● ಈ ಇಳಿಜಾರು ಎಷ್ಟು ಕಡಿದು? ರಾಫ್ಟಿಂಗ್‌ಗೆ ಜಗತ್ಪ್ರಸಿದ್ಧವಾದ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಕೊಲರಾಡೊ ನದಿ ಮೈಲಿಗೆ ಸರಾಸರಿ ಎಂಟು ಅಡಿ ಇಳಿಯುತ್ತದೆ. ನಮ್ಮ ಕೃಷ್ಣೆ ಆ ಮೂರು ಮೈಲಿಗಳಲ್ಲಿ ಮೈಲಿಗೆ ನೂರಮೂವತ್ತು ಅಡಿಗೂ ಹೆಚ್ಚು! ಆ ಕಣಿವೆಯನ್ನು ದಾಟಲು 1869ರಲ್ಲಿ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಜೊತೆ ಮರದ ದೋಣಿಗಳಲ್ಲಿ ಹೊರಟವರು ಅವನೂ ಸೇರಿ ಹತ್ತು ಮಂದಿ. ಕೊನೆ ಮುಟ್ಟಿದವರು ಆರೇ ಮಂದಿ.

● ಛಾಯಾ ಭಗವತಿ ಕ್ಷೇತ್ರವಿರುವುದು ಯಾದಗಿರಿ ಜಿಲ್ಲೆಯ ಈಗಿನ ಹುಣಸಗಿ ತಾಲ್ಲೂಕಿನಲ್ಲಿ. ಮೊದಲು ಅದು ಸುರಪುರಕ್ಕೆ ಸೇರಿತ್ತು. ಜಲದುರ್ಗ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನದು.

● ಇಲ್ಲಿ ಹೊಳೆಯ ಸ್ವಭಾವವನ್ನು ಈಗ ಮಳೆಯೊಂದೇ ನಿರ್ಧರಿಸುವುದಿಲ್ಲ. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರ ಅಣೆಕಟ್ಟೆ ಮೇಲ್ಗಡೆಯೇ ಇದೆ. ಅದರ ಉದ್ದ ಹತ್ತು ಕಿಲೋಮೀಟರ್ ದಾಟುತ್ತದೆ. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಹೊಳೆಯ ಬಂಡೆಗಳು ಬರಿದಾಗಿ ನಿಲ್ಲುತ್ತವೆ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹೊಡೆದು ಗೇಟು ತೆರೆದರೆ ಯಾದಗಿರಿಯ ಆಕಾಶದಲ್ಲಿ ಮೋಡವಿಲ್ಲದಿದ್ದರೂ ಪ್ರವಾಹ ಬರುತ್ತದೆ.

● ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 2019ರ ಆಗಸ್ಟ್ ಪ್ರವಾಹದಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 6 ಲಕ್ಷ ಕ್ಯೂಸೆಕ್‌ ಆಸುಪಾಸು. ಅಂದರೆ ಸೆಕೆಂಡಿಗೆ ಸುಮಾರು 17 ಸಾವಿರ ಟನ್! ದೇವದುರ್ಗ, ಶಹಾಪುರಗಳನ್ನು ಜೋಡಿಸುವ ಹೂವಿನಹೆಡಗಿ ಸೇತುವೆ ಆಗ ಮುಳುಗಿತ್ತು.

● ನೊರೆನೀರಿನಲ್ಲಿ ಈಜುಗಾರನೂ ಮುಳುಗುವುದೇಕೆ? ನೊರೆ ಎಂದರೆ ಅರ್ಧಕ್ಕರ್ಧ ಗಾಳಿ. ಗಾಳಿ ಬೆರೆತ ನೀರಿಗೆ ಮೈಯನ್ನು ಎತ್ತಿ ಹಿಡಿಯುವ ಶಕ್ತಿ ಕಡಿಮೆ. ಬಂಡೆಯಾಚೆ ಧುಮುಕಿದ ನೀರು ಹಿಂದಕ್ಕೇ ಸುತ್ತಿ ಬರುವ ಜಾಗ ಇನ್ನೂ ಅಪಾಯ. ಅಲ್ಲಿ ಸಿಕ್ಕ ಮರದ ದಿಮ್ಮಿಯೂ ಬಹಳ ಹೊತ್ತು ಉರುಳುತ್ತಲೇ ಇರುತ್ತದೆ.

● ರಾಫ್ಟಿನಿಂದ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು. ಕಾಲು ಬಂಡೆಯ ಸಂದಿಗೆ ಸಿಕ್ಕರೆ ಸೆಳವು ಮೈಯನ್ನು ನೀರಿನಡಿಗೆ ಒತ್ತಿಬಿಡುತ್ತದೆ. ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ ತೇಲಬೇಕು. ನೀರಿನ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ. ಗೆಳೆಯರ ಜೊತೆ ಹೊಳೆಗೆ ಇಳಿಯುವ ಪ್ರತಿಯೊಬ್ಬರಿಗೂ ಇದಿಷ್ಟು ಬಾಯಿಪಾಠವಾಗಿರಲಿ.

● ರಬ್ಬರ್ ದೋಣಿಯ ಮೊದಲ ಹೆಸರಾಂತ ನದಿಪಯಣ 1842ರದು. ಅಮೆರಿಕದ ಸೇನಾಧಿಕಾರಿ ಜಾನ್ ಫ್ರೆಮಾಂಟ್ ಪ್ಲಾಟ್ ನದಿಗೆ ಅದನ್ನು ಇಳಿಸಿದ. ಆ ಹೊತ್ತಿಗೆ ನಮ್ಮ ಹರಿಗೋಲಿನ ಲಿಖಿತ ದಾಖಲೆಗೇ ಮುನ್ನೂರು ವರ್ಷ ಕಳೆದಿತ್ತು! 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬೆತ್ತ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಾದ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಂದರಲ್ಲಿ ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ, ಎತ್ತು ಕೂಡ ದಾಟುತ್ತಿದ್ದವಂತೆ.

● ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆ, ಹಾಗಾಗಿ ಮೊಣಕಾಲುದ್ದ ನೀರಿನಲ್ಲೂ ಸಾಗುತ್ತದೆ. ಬಂಡೆ ತಗುಲಿದರೆ ಸುತ್ತಿಕೊಂಡು ಜಾರುತ್ತದೆ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಅಂಬಿಗನ ಕೈಯ ಹುಟ್ಟು ಮಾತ್ರ ಹಳೆಯದೇ.

● ಸುರಪುರ ಸೀಮೆಯ ಕಕ್ಕೇರಾ ಬಳಿ, ಕೃಷ್ಣೆಯ ನಡುವೆ ನೀಲಕಂಠರಾಯನ ಗಡ್ಡಿ ಎಂಬ ನಡುಗಡ್ಡೆಯ ಊರಿದೆ. 2014ರ ಜುಲೈ ಕೊನೆಯಲ್ಲಿ ಅಲ್ಲಿನ ತುಂಬುಗರ್ಭಿಣಿಯೊಬ್ಬಳು ಉಕ್ಕಿ ಹರಿಯುತ್ತಿದ್ದ ಹೊಳೆಯನ್ನು ಈಜಿ ದಾಟಿದಳು. ಪ್ರವಾಹದಲ್ಲಿ ದೋಣಿ ಹಾಕುವವರಿರಲಿಲ್ಲ, ಹೆರಿಗೆಗೆ ಆಸ್ಪತ್ರೆ ಬೇಕಿತ್ತು. ಮೈಗೆ ಒಣಗಿದ ಸೋರೆ ಬುರುಡೆಗಳನ್ನು ಕಟ್ಟಿಕೊಂಡು, ಮನೆಯ ಗಂಡಸರ ಬೆಂಬಲದಲ್ಲಿ ಅವಳು ನೀರಿಗಿಳಿದಳು. ಸುದ್ದಿ ದೇಶದಾಚೆಗೂ ಹೋಯಿತು. ಸಾಹಸವೆಂದು ಹೊಗಳಿದವರೇ ಹೆಚ್ಚು. ನನಗಂತೂ ಅದು ದೋಣಿ, ಸೇತುವೆ, ದಾದಿ ಯಾವುದೂ ಹೊತ್ತಿಗೆ ಒದಗದ ಊರಿನ ಅಳಲಾಗಿ ಕಾಣುತ್ತದೆ.

● ಇಂಥ ಹೊಳೆಯಲ್ಲಿ ಅಲ್ಲವಾದರೆ ರಾಫ್ಟ್ ಏರುವುದೆಲ್ಲಿ? ದಾಂಡೇಲಿ ಕಡೆಯ ಕಾಳಿ ನದಿಯಲ್ಲಿ, ಗಣೇಶಗುಡಿಯ ಬಳಿ. ಅಲ್ಲಿಯೂ ಅಣೆಕಟ್ಟೆಯದೇ ಮಾತು. 101 ಮೀಟರ್ ಎತ್ತರದ ಸೂಪಾದಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ರಾಫ್ಟ್ ಹೊರಡುತ್ತದೆ. ಕೊಡಗಿನ ಬರಪೊಳೆ ಇದಕ್ಕೆ ತದ್ವಿರುದ್ಧ; ಅದು ಮಳೆಗಾಲದ ಹೊಳೆ.

● ಹೊಳೆಗಳ ರಭಸಕ್ಕೆ ಒಂದರಿಂದ ಆರರವರೆಗೆ ಅಂತರರಾಷ್ಟ್ರೀಯ ದರ್ಜೆಗಳಿವೆ. ಆರು ಎಂದರೆ ಪ್ರಾಣದ ಪ್ರಶ್ನೆ. ಛಾಯಾ ಭಗವತಿಯ ಕೃಷ್ಣೆಯನ್ನು ಮಳೆಗಾಲದಲ್ಲಿ ದಡದ ಮೇಲಿನಿಂದಲೇ ನೋಡಿ. ನೀರಿಳಿದ ಮೇಲೆ ಬಂಡೆಗಳ ಮೇಲೆ ನಡೆಯುವ ಆಸೆಯಿದ್ದರೆ, ಅಂದು ನಾರಾಯಣಪುರದಲ್ಲಿ ಗೇಟು ತೆರೆಯುತ್ತಾರೆಯೇ ಎಂದು ಕೇಳಿಕೊಂಡೇ ಇಳಿಯಿರಿ. ಮೊಸಳೆಗಳೂ ಈ ಹೊಳೆಯ ನಿವಾಸಿಗಳೇ.